ಕಾಟಾ ಸರ್ವರ್, ಮೂರು ಹತ್ತು

ಐದೈದು ನಿಮಿಷಕ್ಕೊಮ್ಮೆ ಕೇಳುವುದು ನನ್ನ ಕೆಲಸ.
ಆದವಾನಿಯ ಹತ್ತಿ ಮಾರ್ಕೆಟ್ಟಿನ ಮಾಳಿಗೆ ಕೋಣೆಯಿಂದ
ಹನ್ನೊಂದು ಯಂತ್ರಗಳನ್ನು ಕೇಳುತ್ತೇನೆ:
ಇದ್ದೀಯಾ? ಎಷ್ಟು ಬಿಸಿ? ಡಿಸ್ಕಿನಲ್ಲಿ ಜಾಗ ಎಷ್ಟು?
ಹರಾಜಿನ ಪ್ರೊಸೆಸ್ ಓಡುತ್ತಿದೆಯಾ, ಬಿದ್ದಿದೆಯಾ?

ಹೆಸರು ಹಿಡಿದು ಕೇಳುವಂತಿಲ್ಲ.
ಒಂದು ಚುಕ್ಕೆ ಮೂರು ಚುಕ್ಕೆ ಆರು ಚುಕ್ಕೆ ಒಂದು
ಯಾರದೋ ವಂಶದ ಕೊಂಬೆ ಹಿಡಿದು ಇಳಿದರೆ
ತುದಿಯಲ್ಲೊಂದು ಅಂಕಿ ಸಿಗುತ್ತದೆ.
ಒಳಗೆ ಬಿಡಲು ಗುರುತಿನ ಮಾತೂ ಬೇಕು:
'ಪಬ್ಲಿಕ್' ಅಂತ. ಡಬ್ಬ ಬಿಚ್ಚಿದಾಗ ಇದ್ದದ್ದು ಅದೇ.
ಬದಲಿಸಬೇಕಿತ್ತು. ಬದಲಿಸಿಲ್ಲ.

ಕೇಳದೆಯೂ ಅವು ಕೂಗುವುದುಂಟು.
ಆ ಕೂಗಿಗೆ ರಸೀದಿ ಇಲ್ಲ.
ದಾರಿಯಲ್ಲಿ ಕಳೆದುಹೋದರೆ
ಕೂಗಿದ್ದಕ್ಕೂ ಗೊತ್ತಾಗದು, ನನಗೂ.

ಆ ರಾತ್ರಿ ಯಾವುದೂ ಕೂಗಲಿಲ್ಲ. ನಾನೇ ಕೇಳಿದ್ದು.
ಮೂರು ಹತ್ತಕ್ಕೆ ಕಾಟಾ ಸರ್ವರ್ ಹೇಳಿತು:
ನಾನು ಹುಟ್ಟಿ ಎರಡು ನಿಮಿಷ.
ಪರದೆ ಕೆಂಪಾಯಿತು. ಟೇಬಲ್ ಮೇಲೆ ಫೋನು ಗುರುಗುಟ್ಟಿತು.
ಅಂದರೆ ಸತ್ತು ಎದ್ದಿದೆ. ಅಂದರೆ ಸಂಜೆಯ ತೂಕವೆಲ್ಲ

ಚಪ್ಪಲಿ ಬಿಟ್ಟು ಓಡಿದೆ ಅಂಗಳಕ್ಕೆ,
ಅಂಡಿಗೆಗಳ ಸಾಲಿನ ನಡುವೆ. ಹತ್ತಿಯ ಎಳೆ ತುಟಿಗೆ ಅಂಟಿತು.
ಕಾಟಾದ ಗೂಡಿನಲ್ಲಿ ಫ್ಯಾನು ತಿರುಗುತ್ತಲೇ ಇತ್ತು.
ಕೊನೆಯ ಚೀಟಿ ಇದ್ದಲ್ಲೇ ಇತ್ತು,
ನಿವ್ವಳ ನಲವತ್ತೊಂದು ಕ್ವಿಂಟಲ್ ಅರವತ್ತು ಕಿಲೋ.
ಒಂದು ಪ್ರೊಸೆಸ್ಸೂ ಬಿದ್ದಿರಲಿಲ್ಲ.

ಬೆರಳು ಮಡಿಚಿ ಲೆಕ್ಕ ಹಾಕಿದೆ, ಆಮೇಲೆ ಮೊಬೈಲಿನಲ್ಲಿ.
ಸೆಕೆಂಡನ್ನು ನೂರು ಚೂರು ಮಾಡಿ ಎಣಿಸುವ ಗಡಿಯಾರ ಅದು;
ಅದರ ಚೀಲ ತುಂಬುವುದು ನಾನೂರ ತೊಂಬತ್ತೇಳು ದಿನಕ್ಕೆ.
ತುಂಬಿತು. ಸೊನ್ನೆಯಿಂದ ಶುರು.
ಸಾವೂ ಇಲ್ಲ, ಹುಟ್ಟೂ ಇಲ್ಲ,
ಅಂಕಿಗೆ ಜಾಗ ಸಾಲಲಿಲ್ಲ.

ಕಾವಲಿನ ಉಸೇನಪ್ಪ ಟಾರ್ಚು ಹಿಡಿದು ಬಂದ,
ಮೂವತ್ತು ವರ್ಷ ಇಲ್ಲೇ ಹಮಾಲಿ ಮಾಡಿದವ.
'ಏನಾತಮ್ಮಾ?'
ಹೇಳಿದೆ.
'ನಮ್ದೂ ಹಂಗೇ ಇತ್ತು ಬಿಡು. ನೂರು ಅಂಡಿಗಿ ಆದ್ರ
ಗುಮಾಸ್ತ ಗ್ವಾಡಿ ಗೀಟು ಒರೆಸಿ ಒಂದರಿಂದ ಎಳೀತಿದ್ದ.
ಗೀಟು ಹೊಸವು. ಬೆನ್ನು ಅದೇ.'
ತಂಬಾಕನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ದಾಟಿಸಿದ.

ಮೇಲೆ ಬಂದು ಅಲರ್ಟ್ ಮುಚ್ಚಲು ಹೋದರೆ
ಕಾರಣ ಬರೆಯದೆ ಬಿಡುವುದಿಲ್ಲ ಅದು.
ಕನ್ನಡದಲ್ಲೇ ಬರೆದೆ, ಕರ್ನೂಲಿನ ಆಫೀಸಿನಲ್ಲಿ
ಯಾರು ಓದುತ್ತಾರೋ, ಓದಲಿ:
'ಎಣಿಕೆ ತುಂಬಿತು. ಯಂತ್ರ ಹಳೆಯದೇ.'

ಬೆಳಗ್ಗೆ ಏಳಕ್ಕೆ ಎಮ್ಮಿಗನೂರಿನ ಮೊದಲ ಲಾರಿ
ಕಾಟಾ ಹತ್ತಿತು.
ಪರದೆಯ ಪ್ರಕಾರ
ನಾಲ್ಕು ತಾಸೂ ತುಂಬದ ಕೂಸು
ಅದನ್ನು ತೂಗಿ, ಚೀಟಿ ಕೊಟ್ಟಿತು.