ಸೋಗು

ಸಕಲೇಶಪುರದ ಹಳೇ ಸೇತುವೆ ದಾಟಿ ಎಡಕ್ಕೆ,
ಟೈರ್ ಅಂಗಡಿಯ ಹಿಂದೆ, ತಗಡಿನ ಮಾಡಿನ ಕೆಳಗೆ
ಅಪ್ಪ ಇನ್ನೂ ಗರಗಸದ ಹಲ್ಲು ಮಸೆಯುತ್ತಾನೆ.
ಅವನ ಅಪ್ಪ ಮಸೆದ. ಅವನಪ್ಪನೂ.
ಅದಕ್ಕೂ ಹಿಂದೆ ಒಬ್ಬ ಇದ್ದನಂತೆ,
ಹುಬ್ಬು ಕೂಡ ಬೆಳ್ಳಗೆ, ಬಿಸಿಲಿಗೆ ಮೂಗು ಸುಲಿದವನು:
ಗರಗಸದ ಜೋನಪ್ಪ.

ಮನೆಯಲ್ಲಿ ಅವನದೆಂದು ಉಳಿದದ್ದು
ಒಂದು ಮೂರುಮೂಲೆ ಅರ,
ಅದರ ಬಾಲದ ಮೇಲೆ ಅರ್ಧ ಸವೆದ ಊರಿನ ಹೆಸರು,
ಚಿಕ್ಕಪ್ಪನ ಬೂದುಗಣ್ಣು,
ಮತ್ತು ಒಂದು ದೂರು.
ದೂರು ದ್ಯಾವಜ್ಜಿಯದು:
ಮಾತೆತ್ತಿದರೆ ಸೋಗು ಸೋಗು ಅಂತಿದ್ದ ಕಣೇ.
ಅನ್ನ ಇಕ್ಕಿದರೂ ಸೋಗು, ಜ್ವರ ಬಂದು ಮಲಗಿದರೂ ಸೋಗು.
ನಾನೇನು ವೇಷ ಹಾಕಿದ್ದೆನಾ?
ಹೀಗೆ ಅವಳು ಸೊಸೆಗೆ, ಸೊಸೆ ತನ್ನ ಸೊಸೆಗೆ,
ಆ ಸೊಸೆ ನನಗೆ;
ಸತ್ತವನ ಮೇಲಿನ ಸಿಟ್ಟು ಸವೆಯದೆ ಬಂತು.

ಹುಡುಕಿದೆ.
ಇಗರ್ಜಿಯ ಮದುವೆ ಪುಸ್ತಕದಲ್ಲಿ ಗೆದ್ದಲು ಬಿಟ್ಟಷ್ಟು:
ಯೋನಾಸ್ ಲಿಂಡ್... ಕಸುಬು, ಗರ...
ಮದುಮಗಳ ಹೆಸರಿನ ಜಾಗ ಪೂರ್ತಿ ತೂತು.
ತಾಲ್ಲೂಕು ಕಚೇರಿಯ ಯಾರೋ ಗುಮಾಸ್ತ
ನಾಲಿಗೆ ಹೊರಳದೆ ಬರೆದಿಟ್ಟಿದ್ದ, ಲಿಂಗಪ್ಪ.
ಆ ಲಿಂಗಪ್ಪ ಇವತ್ತಿಗೂ ನನ್ನ ಆಧಾರ್ ಕಾರ್ಡಿನಲ್ಲಿದ್ದಾನೆ.

ಅರದ ಬಾಲಕ್ಕೆ ಇದ್ದಿಲು ಪುಡಿ ತಿಕ್ಕಿ
ಕಾಗದ ಒತ್ತಿ ಅಕ್ಷರ ಎಬ್ಬಿಸಿದೆ. ಸ್ವೀಡನ್ನಿನ ಊರು.
ಆ ಊರಿಗೊಂದು ಪತ್ರ. ಏಳು ತಿಂಗಳಿಗೆ ಉತ್ತರ.
ಬರೆದವಳು ಹಳೇ ದಾಖಲೆ ಕಾಯುವ ಗುನ್‌ವೋರ್.
ಅಲ್ಲಿ ಪಾದ್ರಿ ವರ್ಷಕ್ಕೊಮ್ಮೆ ಮನೆಮನೆಗೆ ಹೋಗಿ
ಯಾರು ಎಷ್ಟು ಓದಬಲ್ಲರೆಂದು ಗುರುತು ಹಾಕುತ್ತಿದ್ದನಂತೆ.
ಯೋನಾಸ್, ಹದಿನಾಲ್ಕು: ಓದು ಸಾಲದು.
ಹತ್ತೊಂಬತ್ತು: ಅರ ಮಾಡುವವರಲ್ಲಿ ಕೆಲಸ. ಓದು ಸಾಲದು.
ಇಪ್ಪತ್ತಮೂರು: ಹೊರಟುಹೋದ.
ಎಲ್ಲಿಗೆ, ತಿಳಿಯದು.

ತಿಳಿಯದು ಅನ್ನುವ ಆ ಜಾಗದಲ್ಲಿ
ನಮ್ಮೂರಿದೆ, ಗುನ್‌ವೋರ್.
ಬೀಟೆಯ ದಿಮ್ಮಿಗಳಿದ್ದವು. ಗುಂಡಿಯೊಳಗೊಬ್ಬ,
ದಿಮ್ಮಿಯ ಮೇಲೊಬ್ಬ ನಿಂತು ಎಳೆಯುತ್ತಿದ್ದರು,
ಕೆಳಗಿನವನ ಕಣ್ಣಿಗೆಲ್ಲ ಮರದ ಹೊಟ್ಟು.
ಒಂದು ಹಲ್ಲು ಎಡಕ್ಕೆ ಬಾಗಬೇಕು, ಮುಂದಿನದು ಬಲಕ್ಕೆ,
ಅಲಗಿಗಿಂತ ದಾರಿ ಅಗಲ ಇರಬೇಕು,
ಇಲ್ಲದಿದ್ದರೆ ಮರ ಕಚ್ಚಿಕೊಳ್ಳುತ್ತದೆ.
ಇದು ಅವರಿಗೂ ಗೊತ್ತಿದ್ದದ್ದೇ.
ಕೂದಲಷ್ಟು ಅಗಲ ಸಾಕು ಎಂದು ತೋರಿಸಿದವನು ಜೋನಪ್ಪ.
ಅಷ್ಟೇ ಅವನ ವಿದ್ಯೆ. ನಾಲ್ಕು ತಲೆಮಾರು ಉಂಡಿದ್ದೇವೆ.

ಪತ್ರದ ಕೊನೆಗೆ ನಾನು ಕೇಳಿದ್ದಕ್ಕೆ ಜವಾಬು:
ಸೋಗ್ ಅಂದರೆ ಗರಗಸ.
ಕೆಳಗೆ ಬೇರೆ ಶಾಯಿಯಲ್ಲಿ, ತಡವಾಗಿ ನೆನಪಾದಂತೆ:
ಕಂಡೆ ಅನ್ನುವುದಕ್ಕೂ ಇದೇ ಮಾತು.

ಹಾಗಾದರೆ ಜ್ವರದಲ್ಲಿ ಅಂದದ್ದು ಯಾವುದನ್ನು?
ಅಲಗು ತಂದು ಪಕ್ಕದಲ್ಲಿಡು ಅಂತಲೋ,
ಕಂಡೆ, ನಿನ್ನ ಕಂಡೆ ಅಂತಲೋ.
ದ್ಯಾವಜ್ಜಿ ಗಂಜಿ ಬಟ್ಟಲು ಕುಕ್ಕಿ ಎದ್ದುಹೋಗಿದ್ದಳು.

ಅಪ್ಪನಿಗೆ ಓದಿ ಹೇಳಿದೆ. ಹೂಂ ಅಂದ.
ಈಗಿನ ಅಲಗು ಸವೆದರೆ ಎಸೆಯುವಂಥದ್ದು;
ತಿಂಗಳಿಗೆ ಮೂರು ಗಿರಾಕಿ, ಅದರಲ್ಲೊಬ್ಬ ಮಾಂಸದ ಅಂಗಡಿಯವ.
ಇವತ್ತು ಅವನದ್ದೇ, ಮೂಳೆ ಕೊಯ್ಯುವ ಗರಗಸ.
ಒಂದು ಕಣ್ಣು ಮುಚ್ಚಿ ಹಲ್ಲಿನ ಸಾಲನ್ನು ಬೆಳಕಿಗೆ ಹಿಡಿದ.
ಎಡದವು ಎಡಕ್ಕೆ, ಬಲದವು ಬಲಕ್ಕೆ,
ನಡುವೆ ಉದ್ದಕ್ಕೂ ಒಂದು ಸಣ್ಣ ಓಣಿ.
ಓಣಿಯೊಳಗೆ ಸೂಜಿ ಇಟ್ಟು ಅಲಗು ಓರೆ ಮಾಡಿದ.
ಜಾರುತ್ತ ಹೋದ ಸೂಜಿ
ತುದಿಗೆ ಎರಡು ಬೆರಳು ಇರುವಾಗ ನಿಂತುಬಿಟ್ಟಿತು.
ಕಂಡ್ಯಾ? ಅಂದ.
ಒಂದು ಹಲ್ಲು ಒಳಕ್ಕೆ ಬಾಗಿತ್ತು.
ಅರ ಕೊಡು.