ಎಡಗೈಯ ಪ್ರಮಾಣ

ಬಂದರಿನ ಗುಜರಿ ಇದ್ದಿನಬ್ಬ
ಕಾಗದವನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುವವ,
ಇದೊಂದನ್ನು ಮಾತ್ರ ತೂಗಲಿಲ್ಲ.
"ಬಲ್ಮಠದ ಬಂಗ್ಲೆ ಕೆಡವಿದ್ರಲ್ಲ, ಅಲ್ಲಿಯದ್ದು.
ತುಂಬ ಜನ ಉಂಟು ಇದರಲ್ಲಿ, ಸೋನ್ಸರೇ,
ತಕ್ಕಡಿ ತಡೆಯಲಿಕ್ಕಿಲ್ಲ."

ಮೇಜಿನ ಮೇಲೆ ಹಾಸಿದೆ,
ಮೂಲೆಗೊಂದರಂತೆ ಗಾಜಿನ ಚೂರು ಹೇರಿ.
ತಾಮ್ರವನ್ನು ಆ್ಯಸಿಡ್ ಕಚ್ಚಿದ ಗೆರೆ.
ಯಾವ ದೇಶವೋ, ಯಾವ ದೊರೆಯೋ,
ಕಂಬದ ಮೇಲೆ ಕಂಬ, ಚಾವಣಿಯಲ್ಲಿ ಮೋಡ,
ಮೋಡದಲ್ಲಿ ಕೊಂಬೂದುವ ಕೊಬ್ಬಿದ ಮಕ್ಕಳು,
ಅವರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಮಹಾಸಭೆ.

ಮುಂದಿನ ಸಾಲಿಗೆ ಮೂಗುಂಟು, ಗಲ್ಲದ ಮಡಿಕೆ ಉಂಟು,
ಭುಜಕ್ಕಿಳಿದ ಟೋಪನ್ನಿನ ಸುರುಳಿ ಸುರುಳಿ ಉಂಟು.
ನಾಲ್ಕನೆಯ ಸಾಲಿಗೆ ಬರೀ ಟೋಪನ್ನು.
ಹತ್ತನೆಯದಕ್ಕೆ ಅಲ್ಪವಿರಾಮ.
ಅದರಾಚೆ, ಮಳೆಗೆ ಮೊದಲಿನ ಕಡಲಿನ ಹಾಗೆ
ಅಡ್ಡಗೆರೆ, ಅಡ್ಡಗೆರೆ.
ಅದೂ ಜನವೇ ಇರಬೇಕು.

ತಲೆಗಳ ಮೇಲೆ ನಂಬರು, ಒಂದರಿಂದ ಅರವತ್ತೆಂಟು.
ಹೆಸರಿನ ಪಟ್ಟಿ ಕೆಳಗಿದ್ದಿರಬೇಕು;
ಬೆಳ್ಳಿಹುಳ ಓದಿ ಮುಗಿಸಿದೆ.

ಸಂಜೆ ಪಕ್ಕದ ಸೆಲೂನಿನ ಮೋನಪ್ಪ ಚಾ ಹಿಡಿದು ಬಂದ.
ಟೋಪನ್ನುಗಳನ್ನು ಕಸುಬಿನ ಕಣ್ಣಲ್ಲಿ ನೋಡಿ
"ಇವರೆಲ್ಲ ಎಂತ, ಎಡಗೈ ಎತ್ತಿದ್ದಾರೆ?" ಎಂದ.
ಹೌದು. ಆಣೆ ಹಾಕುವ ಸಭೆ,
ಒಬ್ಬನದ್ದೂ ಬಲಗೈ ಅಲ್ಲ.
ಉಣ್ಣಲಿಕ್ಕಾಗದ, ಕೊಡಲಿಕ್ಕಾಗದ ಕೈ,
ಅದರಲ್ಲಿ ರಾಜ್ಯಕ್ಕೆ ಮಾತು ಕೊಟ್ಟರೆ ಯಾರು ನಂಬುವುದು ಮಾರಾಯ?

ಹಿಂದಲೆ ತೋರಿಸುವ ಕನ್ನಡಿ ತಂದು ಹಿಡಿದ ಮೋನಪ್ಪ.
ಕೈಗಳೆಲ್ಲ ಬಲಕ್ಕೆ ಬಂದವು.
ನಂಬರುಗಳು ಬೆನ್ನು ತಿರುಗಿಸಿದವು.
ತಾಮ್ರದಲ್ಲಿ ಕೊರೆದದ್ದು ಕಾಗದದಲ್ಲಿ ಮಗುಚುತ್ತದೆಂದು
ಅಂಕಿಗಳನ್ನು ನೆನಪಿಟ್ಟು ತಿರುವಿ ಕೊರೆದವನು
ಕೈಗಳನ್ನು ಮರೆತಿದ್ದ.
ಅಥವಾ, ಯಾರಿಗೆ ಗೊತ್ತು,
ಕೂಲಿ ಸಿಕ್ಕಿರಲಿಕ್ಕಿಲ್ಲ.

ನಾನೂ ಒಮ್ಮೆ ಸಭೆ ನೋಡಿದವನೇ.
ಲಾಲ್‌ಬಾಗಿನ ಪಾಲಿಕೆಯಲ್ಲಿ, ರಸ್ತೆ ಅಗಲದ ವಿಷಯ ಬಂದ ದಿನ.
ನನ್ನ ಅಂಗಡಿಯ ಆರು ಅಡಿ ಮೂರು ನಿಮಿಷದಲ್ಲಿ ಹೋಯಿತು.
ಬಾಗಿಲ ಹತ್ತಿರ ಫೈಲು ಅವುಚಿ ನಿಂತಿದ್ದೆ,
ಜವಾನ ಸ್ಟೂಲು ಕೊಟ್ಟ.
ನಡಾವಳಿಯಲ್ಲಿ ಬರೆದರು: ಆಕ್ಷೇಪ ಇಲ್ಲ.

ಇಲ್ಲಿಯೂ ಒಬ್ಬನಿದ್ದಾನೆ, ಎಡ ಅಂಚಿನಲ್ಲಿ,
ಬಾಗಿಲು ಹಿಡಿದುಕೊಂಡವ, ನಂಬರಿಲ್ಲದವ.
ಅವನ ಕಾಲ ಬಳಿ ಕಿವಿ ತುರಿಸುವ ನಾಯಿ.
ಇಷ್ಟು ದೊಡ್ಡ ಸಭೆಯಲ್ಲಿ
ಈಚೆ ನೋಡುವವರು ಇವರಿಬ್ಬರೇ.

ವಕೀಲ ಸಾಂತೂರು ಪ್ರಭುಗಳ ಕಚೇರಿಗೆ ಇದು.
"ಸುತ್ತ ಎರಡಿಂಚು ಮೌಂಟ್ ಹಾಕಿ, ಹುಳ ತಿಂದದ್ದು ಮುಚ್ಚಲಿ.
ಸಿಂಹಾಸನ ಸರಿ ನಡುವೆ ಬರಬೇಕು."
ಎರಡಿಂಚಿಗೆ ನಾಯಿ ಹೋಗುತ್ತದೆ. ಅವನೂ.

ಸ್ಕೇಲು ಇಟ್ಟೆ. ತೆಗೆದೆ. ದೀಪ ಹಾಕಿದೆ.
ಎಡಬದಿಗೆ ಅರ್ಧ ಇಂಚು ಸಾಕೆಂದು ಬ್ಲೇಡು ಎಳೆದೆ.
ಸಿಂಹಾಸನ ನಡುವಿನಿಂದ ತುಸು ಬಲಕ್ಕೆ ಸರಿದು ಕೂತಿದೆ.
ಕೇಳಿದರೆ ಹೇಳಬೇಕು:
ಬಂದರಿನ ತೇವ ಅಲ್ವಾ, ಪ್ರಭುಗಳೇ,
ಕಾಗದ ಹಿಗ್ಗಿದೆ.