ಅಪ್ರದಕ್ಷಿಣೆ

ಈ ಕೊಲ್ಲಿಯ ನೀರು ಎಡಕ್ಕೆ ಸುತ್ತುತ್ತದೆ.
ಹಾರ್ಮುಜ್‌ನ ಕಿರಿಬಾಗಿಲಲ್ಲಿ ಒಳಬಂದು
ಆಚೆ ದಡ ಹಿಡಿದು ಉತ್ತರಕ್ಕೇರಿ, ನಮ್ಮ ಕಡೆ ತಿರುಗಿ
ಕುವೈತ್, ಜುಬೈಲ್, ದೋಹಾ ಅಂತ
ಒಂದೊಂದೇ ಮನೆಯ ಜಗಲಿ ಮುಟ್ಟುತ್ತ ಇಳಿಯುತ್ತದೆ.
ಗುಡಿಯಲ್ಲಿ ಹೀಗೆ ಸುತ್ತಿದ್ದರೆ
ಅಜ್ಜಿ ಕಿವಿ ಹಿಂಡುತ್ತಿದ್ದಳು.

ನನ್ನ ಕೆಲಸ ಆ ನೀರಿನ ರುಚಿ ನೋಡುವುದು,
ನಾಲಗೆಯಿಂದಲ್ಲ, ಸೀಸದ ಪೆಟ್ಟಿಗೆಯಲ್ಲಿ ಕೂತ ಯಂತ್ರದಿಂದ.
ಫಹಾಹೀಲ್‌ನಾಚೆ ಉಪ್ಪು ಕಳೆಯುವ ಸ್ಥಾವರದ ಲ್ಯಾಬು, ರಾತ್ರಿ ಪಾಳಿ.
ಒಂದು ಲೀಟರ್ ಕಡಲು ಒಳಗಿಟ್ಟು ನಾಲ್ಕು ತಾಸು ಕಾಯಬೇಕು.
ಸಿನೆಮಾದಲ್ಲಿಯ ಹಾಗೆ ಅದು ಟಿಕ್ ಟಿಕ್ ಅನ್ನುವುದಿಲ್ಲ.
ಪರದೆಯ ಮೇಲೊಂದು ಗೆರೆ ಬೆಳೆಯುತ್ತದೆ, ಹುಲ್ಲಿನಷ್ಟು ನಿಧಾನ.
ಸೀಸಿಯಂ ಏಳಬೇಕಾದ ಜಾಗದಲ್ಲಿ ಹುಲ್ಲು ಮಟ್ಟಸವಾಗಿದ್ದರೆ
ಊರು ಬೆಳಿಗ್ಗೆ ಚಹಾ ಕುಡಿಯಬಹುದು.

ಆಚೆ ದಡದಲ್ಲಿ ಒಂದು ಗುಮ್ಮಟ ಇದೆ.
ಧೂಳಿಲ್ಲದ ದಿನವೂ ಇಲ್ಲಿಂದ ಕಾಣುವುದಿಲ್ಲ.
ಒಳಗಿರುವುದು, ನಂದಿಸಿದ ಮೇಲೂ
ತಿಂಗಳುಗಟ್ಟಲೆ ನೀರು ಕೇಳುವ ಬಾಯಿ.
ಪಂಪು ನಿಂತರೆ, ಕರೆಂಟು ಹೋದರೆ, ಎಲ್ಲಿಂದಲೋ ಒಂದು ಕ್ಷಿಪಣಿ ದಾರಿ ತಪ್ಪಿದರೆ
ತಾನಿರುವ ಪಾತ್ರೆಯನ್ನೇ ಕರಗಿಸಿ ಕುಡಿದು
ಕೆಳಗಿಳಿಯುತ್ತದೆ, ಕಡಲ ಕಡೆಗೆ.

ನಾನು ಓದಿದ್ದು ಕದ್ರಾದ ಶಾಲೆಯಲ್ಲಿ.
ಕಾಳಿ ನದಿಗೆ ಅಲ್ಲೂ ಒಂದು ಗುಮ್ಮಟದ ನೆರೆ.
ಅಣಕು ತಾಲೀಮಿನ ದಿನ ಗಾಂವ್ಕರ್ ಮಾಸ್ತರು
ಕಿಟಕಿ ಮುಚ್ಚಿ ಎಂದು ಕೂಗಿದರು.
ಕಿಟಕಿಗೆ ಬಾಗಿಲಿರಲಿಲ್ಲ.
ನಾವು ಎಂಟು ಹುಡುಗರು ಬೆನ್ನು ಕೊಟ್ಟು ನಿಂತೆವು,
ನಗು ತಡೆಯಲಾರದೆ. ಆಮೇಲೆ ಬೆಲ್ಲದ ಅವಲಕ್ಕಿ ಕೊಟ್ಟರು.

ಕಳೆದ ಆಗಸ್ಟಿನಲ್ಲಿ ಇಲ್ಲೂ ಅದೇ ಮಾತು, ಮೊಬೈಲಿನಲ್ಲಿ:
ಕಿಟಕಿ ಮುಚ್ಚಿ. ಏಸಿ ಆರಿಸಿ. ನಲ್ಲಿಯ ನೀರು ಮುಟ್ಟಬೇಡಿ.
ಇದು ಬರೀ ತಾಲೀಮು.
ಹೊರಗೆ ನಲವತ್ತೊಂಬತ್ತು ಡಿಗ್ರಿ.
ಮಹಬೂಲಾದ ಮೂರನೇ ಮಹಡಿ, ರೂಮಿಗೆ ಹನ್ನೊಂದು ಮಂದಿ.
ಉಳ್ಳಾಲದ ಮೂಸಬ್ಬ ಬನಿಯನ್ ಹಿಂಡುತ್ತ ಕೇಳಿದ:
ಏಸಿ ಆರಿಸಿದರೆ ಮಧ್ಯಾಹ್ನಕ್ಕೇ ಬೇಯುತ್ತೇವೆ ಮಾರಾಯ,
ಅದು ಬರುವವರೆಗೆ ಕಾಯುವುದು ಯಾರು?

ಲ್ಯಾಬಿನ ಕಪಾಟಿಗೆ ಅಯೋಡಿನ್ ಗುಳಿಗೆ ಬಂತು.
ರೊಡೆಲಿಯೊ ಎಣಿಸಿದ, ಎಂಬತ್ತಾರು.
ಪಟ್ಟಿಯಲ್ಲಿ ಗುತ್ತಿಗೆಯವರ ಹೆಸರಿಲ್ಲ.
ಟ್ಯಾಂಕಿನೊಳಕ್ಕೆ ಇಳಿದು ಪಾಚಿ ಕೆರೆಯುವವರು ಅವರೇ.
ಗುಳಿಗೆ ಕೊರಳ ಗ್ರಂಥಿಗೊಂದೇ ಕಾವಲು.
ಎಲುಬಿಗಿಲ್ಲ, ಬಸುರಿಗಿಲ್ಲ,
ತಳದ ಕೆಸರು ತಿನ್ನುವ ಸಿಗಡಿಗಿಲ್ಲ,
ಕಡಲಹುಲ್ಲು ಮೇಯುತ್ತ ಮರಿಗೆ ಹಾಲೂಡುವ
ಆ ದಡ್ಡ ದೊಡ್ಡ ಡುಗಾಂಗಿಗಂತೂ ಇಲ್ಲವೇ ಇಲ್ಲ.
ಇಲ್ಲಿ ಒಳಬಂದ ನೀರು ಪೂರ್ತಿ ಹೊರಹೋಗಲು
ವರ್ಷಗಳು ಬೇಕು. ಬಾಗಿಲು ಅಷ್ಟು ಸಣ್ಣದು.

ಮೀನು ಮಾರ್ಕೆಟ್ಟಿನಲ್ಲಿ ಮೂಸಬ್ಬ
ಜುಬೈದಿಯ ಕಿವಿರು ಎತ್ತಿ ಕೆಂಪು ನೋಡುತ್ತಾನೆ.
ನಮ್ಮ ಮಾಂಜಿಯೇ ಇದು, ತಾಜಾ, ಅನ್ನುತ್ತಾನೆ.
ಕಿವಿರಿನಲ್ಲಿ ಕಾಣದ್ದು ನನ್ನ ಕೆಲಸ.
ನಾನು ಸುಮ್ಮನೆ ಚೀಲ ಹಿಡಿಯುತ್ತೇನೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು,
ಎಷ್ಟು ಸಲ ಕೇಳಿಲ್ಲ ಊರಲ್ಲಿ.
ಇಲ್ಲಿ ನಾವು ಉಪ್ಪನ್ನು ಬೇರೆ ಮಾಡಿ ಕಡಲಿಗೇ ಚೆಲ್ಲಿ
ನೀರನ್ನಷ್ಟೇ ಕುಡಿಯುವವರು.
ನದಿಯಿಲ್ಲ, ಬಾವಿಯಿಲ್ಲ, ಎರಡನೆಯ ನಲ್ಲಿಯಿಲ್ಲ.
ತಿಂದವರು ಯಾರೋ. ಗಾದೆಗೆ ಅದು ಗೊತ್ತಿಲ್ಲ.

ಬೆಳಗಿನ ಮೂರೂ ಕಾಲು. ಯಂತ್ರ ನಿಂತಿತು.
ವರದಿಯ ಖಾನೆಯಲ್ಲಿ ಬರೆಯಬೇಕಾದ ಮಾತು: ಪತ್ತೆಯಾಗಿಲ್ಲ.
ಇಲ್ಲ ಎಂದು ಬರೆಯುವ ಹಾಗಿಲ್ಲ.
ಎರಡರ ನಡುವೆ ಕೂದಲೆಳೆಯಷ್ಟು ಜಾಗ,
ಅಲ್ಲಿ ನನ್ನ ಸಹಿ.
ಕೂಲರ್ ತಿರುಗಿಸಿ ಒಂದು ಲೋಟ ಕುಡಿದೆ.
ತಣ್ಣಗಿತ್ತು.

ರೊಡೆಲಿಯೊ ಮುಂದಿನ ಬಾಟಲಿ ತಂದಿಟ್ಟ.
ಚೀಟಿಯ ಮೇಲೆ ಇವತ್ತಿನ ತಾರೀಖು.
ಒಳಗಿನ ನೀರು
ಗುಮ್ಮಟ ದಾಟಿ ಬಂದದ್ದು ಯಾವತ್ತೋ.